ನೀಲಾವತಿ ಪರದೆಯ ಮೇಲೆ ಆಡಿದ ಮಾತು

ನೀಲಾವತಿ ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ. ಕುರುಗೋಡಿನ ಗಾದಿಲಿಂಗನನ್ನು ಮದುವೆಯಾಗಿ ಬಳ್ಳಾರಿಗೆ ಬಂದಳು. ಅವನು ಗೂಡ್ಸ್ ಆಟೊ ಓಡಿಸುತ್ತಿದ್ದ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದಳು. ಉಗುರಿನ ಸಂದಿಗೆ ಹತ್ತಿದ ನೀಲಿ ಹಬ್ಬದ ದಿನವೂ ಬಿಡುತ್ತಿರಲಿಲ್ಲ. ಮಗಳು ಮೀನಾಕ್ಷಿ ಡಿಗ್ರಿ ಓದುತ್ತಿದ್ದಳು. ಗಂಡ ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಓಣಿಯಲ್ಲಿ ಗಂಡಹೆಂಡಿರು ಕಚ್ಚಾಡಿದರೆ ಹಿರಿಯರು ಇವರ ಮನೆಯ ಕಡೆ ಬೆರಳು ತೋರಿಸಿ, "ಅವರನ್ನ ನೋಡಿ ಕಲೀರಿ" ಎನ್ನುತ್ತಿದ್ದರು.

ಆ ವರ್ಷ ಊರಿನ ಹಳೆಯ ಹತ್ತಿ ಗೋದಾಮೊಂದು ಕಲಾ ಸಂಗ್ರಹಾಲಯವಾಯಿತು. ಚಳಿಗಾಲ ಮುಗಿಯುವ ತನಕ ಪ್ರತಿ ಶನಿವಾರ ಸಂಜೆ ಏನಾದರೊಂದು ಇರುತ್ತಿತ್ತು. ಒಂದು ವಾರ ಚಿತ್ರ ಬರೆಯುವವರ ಮಾತುಕತೆ, ಇನ್ನೊಂದು ವಾರ ಹಾಡು, ಮತ್ತೊಂದು ವಾರ ಸಿನಿಮಾ. ಅಲ್ಲಿ ತೋರಿಸಲೆಂದೇ ಊರಿನ ಹುಡುಗಿ ಶಶಿರೇಖಾ ಜೀನ್ಸ್ ಹೊಲಿಯುವ ಹೆಂಗಸರ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟಳು. ನೀಲಾವತಿಯ ಮನೆಗೆ ಕ್ಯಾಮೆರಾ ಹಿಡಿದು ಬಂದಳು.

ಮೊದಮೊದಲು ನೀಲಾವತಿ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಮಾತಾಡಿದಳು. ಆದರೆ ಹುಡುಗಿ ದಿನಾ ಬಂದಳು. ಅವರ ಜೊತೆ ರೊಟ್ಟಿ ತಿಂದಳು, ದಾರ ಕಟ್ಟಾದರೆ ಪೋಣಿಸಿ ಕೊಟ್ಟಳು. ಬರಬರುತ್ತ ನೀಲಾವತಿಗೆ ಕ್ಯಾಮೆರಾ ಮರೆತೇಹೋಯಿತು, ಹುಡುಗಿಯೊಬ್ಬಳೇ ಉಳಿದಳು.

ಸಿನಿಮಾ ತೋರಿಸುವ ಶನಿವಾರ ನೀಲಾವತಿ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೋದಳು. ಗಾದಿಲಿಂಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಆಟೊ ಸ್ಟ್ಯಾಂಡಿನ ಗೆಳೆಯ ಗಾಳೆಪ್ಪನನ್ನೂ ಜೊತೆಗೆ ಕರೆತಂದಿದ್ದ. ಮುಂದಿನ ಸಾಲಿನಲ್ಲೇ ಕೂರಿಸಿದರು. ಪರದೆಯ ಮೇಲೆ ತಮ್ಮ ಮನೆಯ ಗೋಡೆ, ತಮ್ಮ ಕ್ಯಾಲೆಂಡರು ಕಂಡಾಗ ಅವನು ಹೆಂಡತಿಯ ಕಡೆ ತಿರುಗಿ ನಕ್ಕ.

ಆಮೇಲೆ ಆ ಮಾತು ಬಂತು. ಪರದೆಯ ಮೇಲಿನ ನೀಲಾವತಿ ಮಿಷನ್ ತುಳಿಯುತ್ತ, ತಲೆ ಎತ್ತದೆ ಹೇಳುತ್ತಿದ್ದಳು:

"ನಮ್ಮ ಮನುಷ್ಯ ಕೆಟ್ಟೋನಲ್ಲವ್ವ. ಕುಡಿಯಂಗಿಲ್ಲ, ಹೊಡಿಯಂಗಿಲ್ಲ. ಆದ್ರ ನಿನಗ ಏನ್ ಬೇಕು ಅಂತ ಒಂದ್ ಸಲಾನೂ ಕೇಳಿಲ್ಲ. ಬಸ್ಸಿನ್ಯಾಗ ಬಾಜು ಸೀಟಿನ್ಯಾಗ ಕುಂತೋರು ಇರ್ತಾರಲ್ಲ, ಹಂಗ ಅದೀವಿ. ಒಂದ ಊರಿಗೆ ಹೋಗೋದು, ಮಾತಿಲ್ಲ ಕತಿಯಿಲ್ಲ."

ಸಭೆ ನಕ್ಕಿತು. ಹಿಂದಿನ ಸಾಲುಗಳಲ್ಲಿ ಹೆಂಗಸರು ಚಪ್ಪಾಳೆ ತಟ್ಟಿದರು. ತಾನು ಹಾಗೆ ಅಂದದ್ದು ನೀಲಾವತಿಗೆ ನೆನಪೇ ಇರಲಿಲ್ಲ. ಆದರೆ ದನಿ ಅವಳದೇ, ಮಾತೂ ಅವಳದೇ. ಗಂಡನ ಕಡೆ ನೋಡಲು ಧೈರ್ಯವಾಗಲಿಲ್ಲ. ಅವನ ಕೈ ಮೊಣಕಾಲಿನ ಮೇಲೆ ಬಿದ್ದಲ್ಲೇ ಬಿದ್ದಿತ್ತು.

ಸಿನಿಮಾ ಮುಗಿದ ಮೇಲೆ ಅವಳಿಗೆ ಶಾಲು ಹೊದಿಸಿದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಬಂದು ಅವಳ ಕೈ ಹಿಡಿದರು. ಗಾದಿಲಿಂಗ ಹೊರಗೆ ಆಟೊದಲ್ಲಿ ಕೂತು ಕಾಯುತ್ತಿದ್ದ. ಮನೆಗೆ ಬರುವ ತನಕ ಒಂದು ಮಾತಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಸಭೆಯಲ್ಲಿ ಯಾರೋ ಆ ತುಣುಕನ್ನು ಫೋನಿನಲ್ಲಿ ಹಿಡಿದುಕೊಂಡಿದ್ದರು. ಸೋಮವಾರದ ಹೊತ್ತಿಗೆ ಅದು ಆಟೊ ಸ್ಟ್ಯಾಂಡಿನವರ ವಾಟ್ಸಾಪಿಗೆ ಬಂದಿತ್ತು. "ಬಾಜು ಸೀಟು ಬಂತ್ ನೋಡ್ರಲೇ" ಎಂದು ಗಾದಿಲಿಂಗನನ್ನು ಕಂಡು ಗಾಳೆಪ್ಪನೇ ಕೂಗಿದ. ಎಲ್ಲರೂ ನಕ್ಕರು. ಆ ವಾರ ಯಾರೂ ಗಾದಿಲಿಂಗನನ್ನು ಹೆಸರು ಹಿಡಿದು ಕರೆಯಲಿಲ್ಲ. ಒಂದು ಮಧ್ಯಾಹ್ನ ಅವನು ಮನೆಗೆ ಬಂದು ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿದ.

"ಎಲ್ಲಿಗ್ರಿ?" ಎಂದಳು ನೀಲಾವತಿ.

"ಕುರುಗೋಡಿಗೆ. ಅಣ್ಣನ ಮನಿಗೆ."

"ಯಾವಾಗ ಬರ್ತೀರಿ?"

ಆಟೊ ತಿರುಗಿ ಹೋದ ಸದ್ದು ಕೇಳಿತು.

ಮೀನಾಕ್ಷಿ ತಾಯಿಯ ಪರವಾಗಿ ನಿಂತಳು. "ನೀ ಸುಳ್ಳೇನ್ ಹೇಳೀ ಯವ್ವ?" ಎಂದಳು. ಅದೇ ನೀಲಾವತಿಯನ್ನು ಸುಡುತ್ತಿದ್ದದ್ದು. ಸುಳ್ಳಾಗಿದ್ದರೆ ತಪ್ಪಾಯಿತೆಂದು ಕಾಲಿಗೆ ಬೀಳಬಹುದಿತ್ತು.

ಚಿತ್ರವನ್ನು ಸಿರುಗುಪ್ಪದಲ್ಲೂ ತೋರಿಸುವುದೆಂದು ನಿಶ್ಚಯವಾಗಿತ್ತು. ತವರಿನವರೆಲ್ಲ ಬರುತ್ತಾರೆ. ನೀಲಾವತಿ ಸಂಗ್ರಹಾಲಯಕ್ಕೆ ಹೋಗಿ ಶಶಿರೇಖಾಳನ್ನು ಹಿಡಿದಳು.

"ಆ ಮಾತು ತಗದ್ಬಿಡವ್ವ."

ಹುಡುಗಿಯ ಮುಖ ಸಣ್ಣದಾಯಿತು. "ನೀಲಕ್ಕ, ಇಡೀ ಸಿನಿಮಾ ನಿಂತಿರೋದು ಆ ಮಾತಿನ ಮ್ಯಾಲೆ. ಎಷ್ಟ್ ಮಂದಿ ಹೆಂಗಸರು ನನ್ನ ಹತ್ರ ಬಂದು ಅತ್ರು ಗೊತ್ತೇನು?"

"ಅತ್ರು, ಅವರವರ ಮನಿಗೆ ಹೋದ್ರು. ನನ್ನ ಮನ್ಯಾಗ ಒಂದು ತಾಟು ಕಡಿಮಿ ಆತು."

"ನೀವ ಒಪ್ಪಿ ಮಾತಾಡಿದ್ರಲ್ಲಕ್ಕ."

"ಒಪ್ಪಿದ್ದೆ, ಇಲ್ಲ ಅನ್ನಂಗಿಲ್ಲ. ನಾ ನಿನ್ನ ಜೋಡಿ ಮಾತಾಡಿದ್ದೆ. ಊರ ಜೋಡಿ ಅಲ್ಲ."

ಕೊನೆಗೆ ಶಶಿರೇಖಾ ತೆಗೆಯುತ್ತೇನೆ ಎಂದಳು. ಕೋಪವೋ ದುಃಖವೋ, ಅವಳ ಕಣ್ಣು ಒದ್ದೆಯಾಗಿತ್ತು.

ಮರುದಿನವೇ ನೀಲಾವತಿ ಕುರುಗೋಡಿನ ಬಸ್ಸು ಹತ್ತಿದಳು. ಬಾವ ಹುಲುಗಪ್ಪ ಅಂಗಳದಲ್ಲಿ ಒಣಮೆಣಸಿನಕಾಯಿ ಹರವುತ್ತಿದ್ದ. ಅವಳನ್ನು ಕಂಡು, "ಬಾರವ್ವ, ಒಳಗದಾನ" ಎಂದಷ್ಟೇ ಹೇಳಿ ಎದ್ದು ಹೊಲದ ಕಡೆ ಹೋದ. ಓರಗಿತ್ತಿ ಸಾವಂತ್ರಮ್ಮ ನೀರು ಕೊಟ್ಟು, ಕೆಲಸದ ನೆಪ ಹೇಳಿ ಹಿತ್ತಲಿಗೆ ಸರಿದಳು.

ಗಾದಿಲಿಂಗ ಗಡ್ಡ ಬಿಟ್ಟಿದ್ದ. ನೀಲಾವತಿ ಹೊಸ್ತಿಲ ಹತ್ತಿರ ಕೂತಳು.

"ಆ ಮಾತು ತಗಸೀನ್ರಿ. ಸಿರುಗುಪ್ಪದಾಗ ಬರಂಗಿಲ್ಲ."

"ತಗಿಸಿದ್ರ ಸುಳ್ಳಾತೇನು ಅದು?"

ಅವಳು ತಡೆದು ಹೇಳಿದಳು: "ಇಲ್ಲ. ಖರೇನ ಅದು."

ಅವನು ಗೋಡೆಗೆ ಒರಗಿದ. "ಇಷ್ಟು ವರ್ಷ ನನ್ನ ಮುಂದ ಒಂದ್ ದಿನ ಬಾಯಿ ಬಿಡ್ಲಿಲ್ಲ. ಆ ಹುಡುಗಿ ಮುಂದ ಹೇಳ್ದಿ."

"ಅಕಿ ಕೇಳಿದ್ಲು. ಹೇಳ್ದೆ."

ಹೊರಗೆ ಮೆಣಸಿನಕಾಯಿಯ ಘಾಟಿಗೆ ಯಾರೋ ಸೀನಿದರು. ಗಾದಿಲಿಂಗನ ದನಿ ಏರಿತು. "ಆತು, ಈಗ ಕೇಳಾಕತ್ತೀನಿ. ಹೇಳು. ಏನ್ ಬೇಕಿತ್ತು ನಿನಗ?"

ನೀಲಾವತಿಗೆ ತಟ್ಟನೆ ಏನೂ ಹೊಳೆಯಲಿಲ್ಲ. ಸೀರೆ, ಬಂಗಾರ ಯಾವುದೂ ಅಲ್ಲ. ಕೊನೆಗೆ ಹೇಳಿದಳು: "ನಮ್ಮವ್ವ ತೀರಿಹೋದ ದಿನ ನನ್ನ ಹಚ್ಚೊಳ್ಳಿ ಬಸ್ಸಿಗೆ ಹತ್ತಿಸಿ ಲೋಡಿಗೆ ಹೋದ್ರಿ."

"ಲೋಡ್ ಬಿಡಾಕ ಬರ್ತಿದ್ದಿಲ್ಲ. ಸಂಜಿಗೆ ಮಣ್ಣಿಗೆ ಬಂದೆನಲ್ಲ."

"ಬಂದ್ರಿ. ಬಿಡಾಕ ಬರಂಗಿಲ್ಲ ಅಂತ ನನಗೂ ಗೊತ್ತಿತ್ತು. ಜೋಡಿ ಬರ್ಲೇನು ಅಂತ ಒಂದ್ ಮಾತು ಕೇಳಿದ್ರ ನಾನ ಬ್ಯಾಡ ಅಂತಿದ್ದೆ."

ಕೊನೆಯ ಬಸ್ಸಿನ ಹೊತ್ತಾದಾಗ ಎದ್ದು, "ಬರ್ತೀರೇನು?" ಎಂದಳು.

"ಈಗ ಬ್ಯಾಡ" ಎಂದ ಅವನು. "ಸಿಟ್ಟೈತಿ ನನಗ. ಬಂದ್ರ ಏನರ ಅಂದ್ಬಿಡ್ತೀನಿ."

ಸಿರುಗುಪ್ಪದ ಪ್ರದರ್ಶನಕ್ಕೆ ನೀಲಾವತಿ ಮಗಳ ಜೊತೆ ಹೋದಳು. ಹಚ್ಚೊಳ್ಳಿಯಿಂದ ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಶಶಿರೇಖಾ ಮಾತು ಉಳಿಸಿಕೊಂಡಿದ್ದಳು. ಮಿಷನ್ ತುಳಿಯುತ್ತಿದ್ದ ನೀಲಾವತಿ ಬಾಯಿ ತೆರೆಯುವಷ್ಟರಲ್ಲಿ ಚಿತ್ರ ಹಾರಿ ಬೇರೆ ಮನೆಗೆ ಹೋಯಿತು. ಅವಳು ಉಸಿರು ಬಿಟ್ಟಳು. ಆದರೆ ಮುಗಿದ ಮೇಲೆ ತವರಿನ ಹೆಂಗಸರು ಸುತ್ತುವರಿದು ಕೇಳಿದರು: "ಅಲ್ಲ ನೀಲಿ, ಆ ಬಸ್ಸಿನ ಮಾತು ಎಲ್ಲಿ ಹೋತು? ಅದನ್ನ ಕೇಳಾಕ ಬಂದಿದ್ವಿ ನಾವು."

ಎಲ್ಲರ ಫೋನಿನಲ್ಲೂ ಅದಾಗಲೇ ಇತ್ತು. ನಗುವವರಿರಲಿಲ್ಲ. ತನ್ನ ಓರಗೆಯವಳೊಬ್ಬಳು ಹತ್ತಿರ ಬಂದು, "ತಗಿಸಬಾರದಿತ್ತು ನೀನು" ಎಂದು ಮೆಲ್ಲಗೆ ಹೇಳಿ, ಗಂಡ ಕರೆದನೆಂದು ಓಡಿದಳು. ಇಟ್ಟುಕೊಂಡರೂ ತಪ್ಪು, ತೆಗೆಸಿದರೂ ತಪ್ಪು. ನೀಲಾವತಿ ಮಗಳ ಕೈ ಹಿಡಿದು ಬಳ್ಳಾರಿ ಬಸ್ಸಿಗೆ ನಡೆದಳು.

ಸಂಗ್ರಹಾಲಯದ ಶನಿವಾರಗಳು ಮುಗಿದು ಬಿಸಿಲು ಏರತೊಡಗಿದಾಗ ಗಾದಿಲಿಂಗ ತಾನಾಗಿಯೇ ಮನೆಗೆ ಬಂದ. ಯಾರೂ ಕರೆದಿರಲಿಲ್ಲ. ಚೀಲ ಗೂಟಕ್ಕೆ ಹಾಕಿ, ಕೈಕಾಲು ತೊಳೆದು ಊಟಕ್ಕೆ ಕೂತ. ಆಟೊವನ್ನು ಬೇರೆ ಸ್ಟ್ಯಾಂಡಿಗೆ ಹಾಕಿಕೊಂಡ. ಗಾಳೆಪ್ಪನ ಜೊತೆ ಮತ್ತೆ ಮಾತಾಡಲಿಲ್ಲ.

ಈಗ ಅವನು ಮೊದಲಿಗಿಂತ ಹೆಚ್ಚು ಮಾತಾಡುತ್ತಾನೆ. ನೀಲಾವತಿ ತಲೆ ಹಿಡಿದುಕೊಂಡು ಕೂತರೆ ಯಾಕೆಂದು ಕೇಳುತ್ತಾನೆ. ಅವಳು ಏನಿಲ್ಲ ಅಂದರೆ, "ಹೇಳು, ಇಲ್ಲಿ ಕ್ಯಾಮೆರಾ ಇಲ್ಲ" ಎನ್ನುತ್ತಾನೆ. ಕೆಲವು ದಿನ ಅದು ನಗೆಯ ಮಾತು. ಕೆಲವು ದಿನ ಮುಳ್ಳು. ಯಾವ ದಿನ ಯಾವುದೆಂದು ನೀಲಾವತಿಗೆ ಇನ್ನೂ ತಿಳಿಯುತ್ತಿಲ್ಲ. ತಿಳಿಯದಿದ್ದರೂ ಒಮ್ಮೊಮ್ಮೆ ಹೇಳಿಬಿಡುತ್ತಾಳೆ.