ತರಂಗಂಬಾಡಿಯಲ್ಲಿ ಟ್ರಾಫಿಕ್ ಇರಲಿಲ್ಲ

ಬೆಳಿಗ್ಗೆ ಪ್ರವಾಸದ ಬ್ಯಾಗನ್ನು ಬಾಲ್ಕನಿಯಲ್ಲಿ ಕೊಡವಿದರೆ ಮೂಲೆಯಿಂದ ಮರಳು ಸುರಿಯಿತು. ನಮ್ಮ ಬನಶಂಕರಿಯಲ್ಲಿ ಮರಳು ಕಂಡರೆ ಪಕ್ಕದಲ್ಲಿ ಯಾರೋ ಮೂರನೇ ಮಹಡಿ ಕಟ್ಟಿಸುತ್ತಿದ್ದಾರೆ ಎಂದರ್ಥ. ಇದು ಮಾತ್ರ ಕಡಲಿನದು, ಹೋದ ವರ್ಷ ತಮಿಳು ಕರಾವಳಿಯ ತರಂಗಂಬಾಡಿಯಿಂದ ನಮ್ಮ ಜೊತೆ ಬಂದದ್ದು.

ನನ್ನ ಹೆಂಡತಿ ವಸುಧಾ ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ವಾರ ಕೇಳಿದ್ದು ಇಷ್ಟೇ: "ರೀ, ಎಲ್ಲಾದ್ರೂ ಸಮುದ್ರದ ಹತ್ರ ಎರಡು ದಿನ ನನ್ ಜೊತೆ ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಹಿಂದೆ ಯುರೋಪಿನಿಂದ ವ್ಯಾಪಾರಕ್ಕೆ ಬಂದ ಡೇನರ ಕೋಟೆಯಿರುವ ಈ ಊರನ್ನು ಹುಡುಕಿ, ನೋಡಲೇಬೇಕಾದ ಜಾಗಗಳಿಗೆಲ್ಲ ಹೊತ್ತು ಹಂಚಿದೆ. ಕೋಟೆಯಿಂದ ಚರ್ಚಿಗೆ ಹೋಗಲು ಮುಕ್ಕಾಲು ಗಂಟೆ, ಅಲ್ಲಿಂದ ಕಡಲಂಚಿನ ಶಿವನ ಗುಡಿಗೆ ಒಂದು ಗಂಟೆ. ಜಯನಗರದಿಂದ ಬಿಟಿಎಂಗೆ ಓಡಾಡಿ ಹಣ್ಣಾದವನ ಲೆಕ್ಕ ಬೇರೆ ಹೇಗಿರುತ್ತದೆ, ನೀವೇ ಹೇಳಿ. ಸಮುದ್ರಕ್ಕೆ ಉಳಿದದ್ದು ಎರಡನೆಯ ಸಂಜೆ, ಅದೂ ಒಂದು ಕಾಫಿ ಕುಡಿಯುವಷ್ಟು ಹೊತ್ತು.

ವಸುಧಾ "ಸರಿ ಬಿಡಿ" ಎಂದಳು. ಸಂಸಾರಸ್ಥರಿಗೆ ಆ ಮಾತಿನ ತೂಕ ಗೊತ್ತು. ನಾನು ಮಾತ್ರ ಅದನ್ನು ಒಪ್ಪಿಗೆ ಎಂದೇ ತಿಳಿದು ಬೀಗಿದೆ.

ಬೆಳಿಗ್ಗೆ ಕೋಟೆ ನೋಡಿ ಹೊರಬಂದವನೇ, ಬಿಟಿಎಂನಲ್ಲಿ ಕಲಿತ ತಮಿಳಿನಲ್ಲಿ ಆಟೋದವನನ್ನು ಚರ್ಚಿಗೆ ಬರುತ್ತೀಯಾ ಎಂದು ಕೇಳಿದೆ. ಆತ ಕನಿಕರದಿಂದ ನೋಡಿ, ಕೂತಲ್ಲಿಂದಲೇ ಬೆರಳು ತೋರಿಸಿದ. ಚರ್ಚು ಅದೇ ಬೀದಿಯಲ್ಲಿತ್ತು! ಹಳೆಯ ಊರಬಾಗಿಲು ಆ ಬೀದಿಯ ಕೊನೆಗೆ, ಗುಡಿ ಕೋಟೆಯ ಮಗ್ಗುಲಿಗೆ. ತಿಂದ ಪೊಂಗಲ್ ಅರಗುವ ಮೊದಲೇ ನನ್ನ ಎರಡು ದಿನದ ಪ್ರವಾಸ ಮುಗಿದಿತ್ತು.

"ಈಗೇನ್ ಮಾಡೋದು?" ಎಂದೆ, ಪೆಚ್ಚಾಗಿ.

"ಕೂತ್ಕೊಳ್ಳಿ," ಎಂದಳು, ಕಡಲ ದಂಡೆಯ ಮರಳನ್ನು ತೋರಿಸಿ.

ಕೂತೆ. ಮೊದಮೊದಲು ಫೋನ್ ತೆಗೆದೆ, ದೋಣಿ ಎಣಿಸಿದೆ, ಅಲೆಗಳು ಸರಿಯಾಗಿ ಬರುತ್ತಿವೆಯೇ ಎಂದು ಮೇಲ್ವಿಚಾರಣೆ ಮಾಡಿದೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಆಗ ವಸುಧಾ ಮೆಲ್ಲಗೆ, "ಸೋಮವಾರ ಬೆಳಿಗ್ಗೆ ಎದ್ದು ಎಲ್ಲಿಗ್ ಹೋಗ್ಲಿ ಅಂತ ಭಯ ಆಗುತ್ತೆ ರೀ" ಎಂದಳು.

ಇದನ್ನು ಹೇಳಲೆಂದೇ ಅವಳಿಗೆ ಸಮುದ್ರ ಬೇಕಾಗಿತ್ತು. ಸಲಹೆಗಳ ಸರದಾರನಾದ ನಾನು ಫೋನನ್ನು ಜೇಬಿಗೆ ಹಾಕಿದೆ. ಅವಳ ಕೈ ಹಿಡಿದುಕೊಂಡೆ. ಮರುದಿನವೂ ಅಲ್ಲೇ ಕೂತೆವು. ಅವಳು ಮಾತಾಡಿದಳು, ಅತ್ತಳು, ಮ್ಯಾನೇಜರನ್ನು ಬೈದಳು, ನಕ್ಕಳು.

ಈಗ ಬ್ಯಾಗನ್ನು ಬಿಸಿಲಿಗಿಟ್ಟು ಒಳಗೆ ಬಂದೆ. ವಸುಧಾ ಹುರುಳಿಕಾಯಿ ಸೋಸುತ್ತಿದ್ದಳು.

"ಮುಂದಿನ್ ತಿಂಗ್ಳು ಒಂದೂರಿಗೆ ಹೋಗೋಣ್ವಾ?"

ಅವಳು ಅನುಮಾನದಿಂದ ತಲೆಯೆತ್ತಿದಳು. "ಅಲ್ಲಿ ನೋಡೋಕೆ ಏನೇನಿದೆ?"

"ಏನೂ ಇಲ್ಲ ಕಣೇ."

"ಹಾಗಾದ್ರೆ ನಾಲ್ಕು ದಿನ ಇರೋಣ."