ಎರ್ನಾ ಒಡೆದ ಲೇಸರ್

ಹೈನ್ಸ್‌ಬರ್ಗ್ ಊರಿನಲ್ಲಿ ಲೂಥರನ ಬಂದೂಕಿನ ಅಂಗಡಿಯ ಹಿಂದಿನ ಕೋಣೆ ಎರ್ನಾ ಓಟ್ಮರ್ಸಳದು. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲೇ ಕೂತು ಊರ ಗಂಡಸರ ನೈಟ್ ವಿಷನ್ ಕನ್ನಡಕಗಳನ್ನು ಬಿಚ್ಚಿ, ಒರೆಸಿ, ರಿಪೇರಿ ಮಾಡಿ ಕೊಡುತ್ತಿದ್ದಳು. ಬಂದೂಕಿನ ಮೇಲೆ ಕೂರಿಸುವ ಲೇಸರನ್ನು ನಳಿಗೆಯ ನೇರಕ್ಕೆ ತರುವುದೂ ಅವಳದೇ ಕೆಲಸ. ಟೆಕ್ಸಸ್‌ನ ಆ ಸೀಮೆಯಲ್ಲಿ ಕಾಡುಹಂದಿಯ ಕಾಟ ಹೇಳತೀರದು. ಒಂದು ಹಿಂಡು ಇಳಿಯಿತೆಂದರೆ ಬೆಳಗಾಗುವುದರೊಳಗೆ ಕಡಲೆಕಾಯಿ ಹೊಲ ಉತ್ತು ಹಾಕಿದಂತಾಗುತ್ತಿತ್ತು. ಹಂದಿ ಬರುವುದು ಕತ್ತಲಲ್ಲಿ, ಹೊಡೆಯುವವರೂ ಕತ್ತಲಲ್ಲೇ ಹೊಡೆಯಬೇಕು. ಲೇಸರಿನ ಅವಕೆಂಪು ಬೆಳಕು ಬರಿಗಣ್ಣಿಗೆ ಕಾಣದು. ಕನ್ನಡಕ ಹಾಕಿಕೊಂಡವನಿಗೆ ಮಾತ್ರ ಅದು ಹಸಿರು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಎಲ್ಲಿ ಬಿತ್ತೋ ಗುಂಡೂ ಅಲ್ಲಿಗೆ.

ಈ ವಿದ್ಯೆಯನ್ನು ಎರ್ನಾ ಸೈನ್ಯದಲ್ಲಿ ಕಲಿತವಳು. ಅದಕ್ಕೆ ಅವಳು ತೆತ್ತದ್ದು ಎಡಗಣ್ಣಿನ ನಡುಭಾಗ. ಇಪ್ಪತ್ತಮೂರರ ವಯಸ್ಸಿನಲ್ಲಿ ಅವಳು ತರಬೇತಿ ಮೈದಾನದ ರಿಪೇರಿ ಡೇರೆಯಲ್ಲಿದ್ದಾಗ, ಮೀಸೆ ಸರಿಯಾಗಿ ಮೂಡದ ಲೆಫ್ಟಿನೆಂಟನೊಬ್ಬ ತಮಾಷೆಗೆಂದು ಲೇಸರನ್ನು ಅವಳ ಮುಖಕ್ಕೆ ಹಿಡಿದಿದ್ದ. "ಕಾಣದೇ ಇರೋದು ಸುಡುತ್ತೇನೇ?" ಎಂದು ನಕ್ಕಿದ್ದ. ಕಾಣುವ ಬೆಳಕಾದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ. ಇದಕ್ಕೆ ರೆಪ್ಪೆಯೂ ಮೋಸ ಹೋಗುತ್ತದೆ. ಅಂದಿನಿಂದ ಆ ಕಣ್ಣಿನಲ್ಲಿ ಎದುರಿಗಿದ್ದವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ವರದಿಯಲ್ಲಿ ಬರೆದದ್ದು 'ಸ್ವಂತ ಅಜಾಗರೂಕತೆ' ಎಂದು. ಲೆಫ್ಟಿನೆಂಟನಿಗೆ ಬಡ್ತಿ ಸಿಕ್ಕಿತು.

ಅಲ್ಲಿಂದಾಚೆ ತಿಳಿಯದೆ ಮಾತಾಡುವ ಗಂಡಸರನ್ನು ಕಂಡರೆ ಎರ್ನಾಳಿಗೆ ಹಳಸಿದ ಹಾಲು ಕುಡಿದಂತಾಗುತ್ತಿತ್ತು. ದುರದೃಷ್ಟಕ್ಕೆ ಅವಳ ಗಿರಾಕಿಗಳೆಲ್ಲ ಅಂಥವರೇ.

ಅವರಲ್ಲಿ ಮೊದಲನೆಯವನು ರಾಯ್ಸ್ ಟ್ಯಾಕೆಟ್. ಎಣ್ಣೆ ಬಾವಿಗಳಿಗೆ ಪೈಪು ಮಾರಿ ದುಡ್ಡು ಮಾಡಿ, ಈಗ ಊರಿನ ಹಂದಿ ಬೇಟೆ ಸಂಘದ ಅಧ್ಯಕ್ಷನಾಗಿದ್ದ. ಒಂದು ದಿನವೂ ಸೈನ್ಯದ ಗೇಟು ದಾಟದ ಮನುಷ್ಯ, ಹೊಟ್ಟೆಯ ಮೇಲೆ ಗುಂಡಿ ಕೂರದ ಸೈನಿಕ ಅಂಗಿ ಹಾಕಿಕೊಂಡು, ಸಂಘದ ಹನ್ನೊಂದು ಮಂದಿಗೆ 'ತುಕಡಿ' ಎಂದು ಹೆಸರಿಟ್ಟಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ರಾಯ್ಸ್ ಆ ಹೊತ್ತಿನಲ್ಲಿ ಡೀಸೆಲ್ ಟ್ರಕ್ಕು ಗುರುಗುಟ್ಟಿಸಿಕೊಂಡು, ಚುರುಟು ಸೇದುತ್ತ, ರೇಡಿಯೊ ಹಾಡಿಗೆ ತಾಳ ಹಾಕುತ್ತ ಬೇಟೆಗೆ ಹೋಗುತ್ತಿದ್ದ. ಹಂದಿಗಳು ಎರಡು ಮೈಲಿ ದೂರದಿಂದಲೇ ಓಡಿಹೋಗುತ್ತಿದ್ದವು. "ನಮ್ ಲೇಸರ್ ಹಂದಿಗಳ ಕಣ್ಣಿಗೆ ಬೀಳ್ತಾ ಇದೆ" ಎಂದು ಅವನು ತೀರ್ಮಾನಿಸಿದ.

ಈ ಅನುಮಾನಕ್ಕೆ ತಕ್ಕ ಮದ್ದು ಹಿಡಿದು ಬಂದವನು ಬ್ರೆಂಟ್ ಎಂಬ ಮಾರಾಟಗಾರ. ಅಗ್ನಿಶಾಮಕ ಸಂಘದ ಸಭಾಂಗಣದಲ್ಲಿ ಭಾನುವಾರದ ಸುಟ್ಟ ಮಾಂಸದ ಊಟ ನಡೆದಿದ್ದಾಗ ಅವನು ಎದ್ದು ನಿಂತು ಭಾಷಣ ಮಾಡಿದ. "ನಿಮ್ಮ ಹಳೇ ಲೇಸರಿನ ಬೆಳಕಿನ ಅಲೆಯುದ್ದ ಎಂಟುನೂರೈವತ್ತು ನ್ಯಾನೊಮೀಟರು. ಅದರ ಬಾಯಲ್ಲಿ ಸಣ್ಣಗೆ ಕೆಂಪು ಕಾಣುತ್ತೆ. ನನ್ನದು ಒಂಬೈನೂರ ನಲವತ್ತು. ಹಂದಿಗಿರಲಿ, ದೇವರಿಗೂ ಕಾಣಲ್ಲ." ದೀಪ ಆರಿಸಿ, ತನ್ನದೇ ಡಿಜಿಟಲ್ ದುರ್ಬೀನನ್ನು ಒಬ್ಬೊಬ್ಬರ ಕೈಗೂ ಕೊಟ್ಟ. ಗೋಡೆಯ ಮೇಲೆ ಚುಕ್ಕೆ ಚೆನ್ನಾಗಿಯೇ ಕಂಡಿತು. ಕೈಯಲ್ಲಿದ್ದ ಮೂಳೆ ಕೆಳಗಿಡದೆಯೇ ರಾಯ್ಸ್ ಹನ್ನೆರಡು ಲೇಸರು ಕೊಂಡ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವನು ಡಬ್ಬಗಳನ್ನು ಎರ್ನಾಳ ಮೇಜಿನ ಮೇಲೆ ಸುರಿದ. ಹಿಂದೆ ತುಕಡಿಯ ನಾಲ್ವರಿದ್ದರು. ಎರ್ನಾ ಡಬ್ಬದ ಮೇಲಿನ ಸಂಖ್ಯೆ ಓದಿ ತನ್ನ ಓದುವ ಕನ್ನಡಕ ಹಣೆಗೇರಿಸಿದಳು.

"ಇದನ್ನ ಕೂರಿಸಲ್ಲ."

"ಯಾಕಮ್ಮಾ, ಕೈಲಾಗಲ್ವಾ?"

"ನಿಮ್ಮ ನೈಟ್ ವಿಷನ್ ಕನ್ನಡಕದ ಕೊಳವೆಗೆ ಒಂಬೈನೂರರ ತನಕ ಕಣ್ಣು. ಅದರಾಚೆ ಅದೂ ಕುರುಡು. ಮಾರಿದವನ ದುರ್ಬೀನಿನ ಜಾತಿನೇ ಬೇರೆ, ಅದರಲ್ಲಿ ಕಾಣ್ತು. ನಿಮ್ಮದರಲ್ಲಿ ಕಾಣಲ್ಲ."

"ಅವನು ಇಂಜಿನಿಯರ್ ಕಣಮ್ಮ."

"ಅವನು ಹೋದ ವರ್ಷ ಈಜುಕೊಳ ಮಾರ್ತಿದ್ದ."

ಹಿಂದಿನಿಂದ ಒಬ್ಬ ನಕ್ಕ. ರಾಯ್ಸ್‌ನ ಕತ್ತು ಕೆಂಪಾಯಿತು. "ಒಂದೂವರೆ ಕಣ್ಣಿನವಳು ನಂಗೆ ನೋಡೋದು ಹೇಳ್ಕೊಡ್ತೀಯಾ? ದೇವರಿಗೇ ಕಾಣದೇ ಇದ್ರೆ ಒಳ್ಳೇದೇ ಆಯ್ತಲ್ಲ!"

"ದೇವರಿಗೆ ಕಾಣದಿದ್ರೆ ಪರವಾಗಿಲ್ಲ ಯಜಮಾನ್ರೇ. ಗುರಿ ಇಡೋನಿಗೆ ಕಾಣಬೇಕಲ್ಲ?"

ಲೂಥರ್ ಬಾಗಿಲಲ್ಲಿ ಇಣುಕಿ, "ಎರ್ನಾ, ಗಿರಾಕಿ ಹೇಳ್ದಂಗೆ ಮಾಡು" ಎಂದ. ಗಿರಾಕಿ ಎತ್ತು ಈಯಿತೆಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವವನು ಲೂಥರ್.

ಎರ್ನಾ ಪಕ್ಕದ ಕತ್ತಲ ಕೋಣೆಯ ಬಾಗಿಲು ತೆರೆದಳು. ಕಿಟಕಿಯಿಲ್ಲದ ಇಟ್ಟಿಗೆ ಕೋಣೆ ಅದು. ಐವರೂ ಒಳಗೆ ಬಂದು ನೈಟ್ ವಿಷನ್ ಕನ್ನಡಕ ಹಾಕಿಕೊಂಡರು. ಎರ್ನಾ ತಾನೂ ಒಂದು ಹಾಕಿಕೊಂಡು ದೀಪ ಆರಿಸಿದಳು. ಮೊದಲು ಅವಳು ಹಳೆಯ ಲೇಸರನ್ನು ದೂರದ ಗೋಡೆಯ ಕಪ್ಪು ಬಟ್ಟೆಗೆ ಹಿಡಿದಳು. ಹಸಿರು ಚುಕ್ಕೆ ಥಟ್ಟನೆ ಮೂಡಿತು. "ಕಾಣ್ತಾ?" "ಕಾಣ್ತು." ಆಮೇಲೆ ಹೊಸದನ್ನು ರಾಯ್ಸ್‌ನ ಕೈಗೇ ಕೊಟ್ಟಳು. ಅವನು ಗುಂಡಿ ಒತ್ತಿದ. ಬಟ್ಟೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದ. ಶಕ್ತಿ ಹೆಚ್ಚಿಸುವ ತಿರುಪನ್ನು ಕೊನೆಯವರೆಗೆ ತಿರುಗಿಸಿದ. ಯಾರಿಗೂ ಏನೂ ಕಾಣಲಿಲ್ಲ.

"ಬ್ಯಾಟ್ರಿ ಸತ್ತಿದೆ" ಎಂದ ರಾಯ್ಸ್.

"ಸತ್ತಿಲ್ಲ. ಉರೀತಾ ಇದೆ. ಕೆಳಗಿಡಿ."

"ಬ್ಯಾಟ್ರಿ ಹಾಕ್ದವನು ನಾನೇ, ನಂಗೊತ್ತಿಲ್ವಾ?" ಎನ್ನುತ್ತ ಅವನು ಕನ್ನಡಕ ಮೇಲಕ್ಕೆ ಸರಿಸಿ, ಬಾವಿ ಇಣುಕುವವನಂತೆ ಲೇಸರಿನ ಬಾಯನ್ನು ತನ್ನ ಬಲಗಣ್ಣಿನತ್ತ ತರತೊಡಗಿದ.

ಎರ್ನಾ ಯೋಚಿಸಲು ನಿಲ್ಲಲಿಲ್ಲ. ಕೈಗೆ ಸಿಕ್ಕ ಕಬ್ಬಿಣದ ಅಳತೆಪಟ್ಟಿಯಿಂದ ಅವನ ಮುಂಗೈಗೆ ಬಲವಾಗಿ ಹೊಡೆದಳು. ಲೇಸರು ಹಾರಿ ನೆಲಕ್ಕೆ ಬಡಿದು ಮೂತಿ ಒಡೆಯಿತು. ರಾಯ್ಸ್ ಕೈ ಹಿಡಿದುಕೊಂಡು ಕಿರುಚಿದ. ಯಾರೋ ದೀಪ ಹಾಕಿದರು.

"ಹುಚ್ಚಿ! ನನ್ ಕೈ ಮುರಿದ್ಳು! ಲೂಥರ್, ಈ ಹುಚ್ಚೀನ ಆಚೆ ಹಾಕು!"

ಎರ್ನಾ ಇನ್ನೊಂದು ಡಬ್ಬ ಬಿಚ್ಚಿ, ಲೇಸರನ್ನು ಮೇಜಿನ ಹಿಡಿಕೆಗೆ ಸಿಕ್ಕಿಸಿ ಗೋಡೆಯತ್ತ ಹಚ್ಚಿದಳು. ಎಪ್ರನ್ ಜೇಬಿನಿಂದ ಹಳೆಯ ಫೋನು ತೆಗೆದು, ಬ್ರೆಂಟ್‌ನ ದುರ್ಬೀನಿನ ಜಾತಿಯದೇ ಆದ ಅದರ ಕ್ಯಾಮೆರಾವನ್ನು ಗೋಡೆಯ ಕಡೆ ಹಿಡಿದಳು. ಬರಿಗಣ್ಣಿಗೆ ಗೋಡೆ ಖಾಲಿ. ಫೋನಿನ ಪರದೆಯಲ್ಲಿ ನೇರಳೆ ಬಿಳುಪಿನ ಕೆಂಡವೊಂದು ಉರಿಯುತ್ತಿತ್ತು.

"ನಿಮ್ಮ ಕಣ್ಣಿಗೆ ಹಿಡ್ಕೊಳ್ಳೋಕೆ ಹೋಗಿದ್ರಲ್ಲ, ಅದೇ ಇದು" ಎಂದಳು. "ರೆಪ್ಪೇನೂ ಮುಚ್ತಿರ್ಲಿಲ್ಲ. ಸಂಜೆ ಹೆಂಡ್ತಿ ಮುಖ ನೋಡಿದಾಗ ಗೊತ್ತಾಗ್ತಿತ್ತು, ಮೂಗು ಎಲ್ಲೋಯ್ತು ಅಂತ."

ನಾಲ್ವರೂ ತಮ್ಮ ಬೂಟು ನೋಡಿಕೊಂಡರು. ರಾಯ್ಸ್ ಡಬ್ಬಗಳನ್ನು ಬಾಚಿಕೊಂಡು ಹೊರಟುಹೋದ. ಕೃತಜ್ಞತೆ ಎಂಬ ಮಾತು ಅವನ ಮನೆಯ ಹೊಸ್ತಿಲಲ್ಲೂ ಹಾದಿರಲಿಲ್ಲ.

ಬ್ರೆಂಟ್‌ನ ಫೋನು ಆ ಮಧ್ಯಾಹ್ನದಿಂದಲೇ ಸತ್ತಿತು. ಮುಂದಿನ ವಾರ ಊರಿನ ಪತ್ರಿಕೆಯಲ್ಲಿ ರಾಯ್ಸ್‌ನ ಫೋಟೊ ಬಂತು: 'ಲೇಸರ್ ಮೋಸ ಬಯಲಿಗೆಳೆದ ಸಂಘದ ಅಧ್ಯಕ್ಷ'. ತಾನು 'ಸೂಕ್ಷ್ಮವಾಗಿ ಪರೀಕ್ಷಿಸಿ' ಕಂಡುಹಿಡಿದೆನೆಂದು ಅವನೇ ಹೇಳಿಕೊಂಡಿದ್ದ. ಮಣಿಕಟ್ಟಿಗೆ ಕಟ್ಟಿದ್ದ ಪಟ್ಟಿ ಕುದುರೆಯಿಂದ ಬಿದ್ದದ್ದಕ್ಕಂತೆ. ಎರ್ನಾ ಅದನ್ನು ಊಟದ ಹೊತ್ತಿನಲ್ಲಿ ಓದಿ, ಸಾಸೇಜಿನ ಎಣ್ಣೆ ಆ ಪುಟಕ್ಕೇ ಒರೆಸಿದಳು.

ಲೂಥರ್ ಮಾತ್ರ ಬಿಡಲಿಲ್ಲ. "ಒಂದ್ಸಲ ಸಾರಿ ಅಂದ್ಬಿಡು. ದೊಡ್ಡ ಗಿರಾಕಿ ಕಣೇ" ಎಂದು ಮೂರು ದಿನ ಗೋಗರೆದ.

"ಅವನ ಕಣ್ಣು ಉಳಿಸಿದ್ದಕ್ಕೆ ಸಾರಿನಾ? ಹೇಳ್ತೀನಿ. ಅವನ ಕಣ್ಣಿಗೇ ಸಾರಿ ಹೇಳ್ತೀನಿ. ಪಾಪ, ಅಂಥ ತಲೇಲಿ ಬಾಳಬೇಕಲ್ಲ" ಎಂದಳು ಎರ್ನಾ. ಅವಳು ತನ್ನ ಉಪಕರಣಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕತೊಡಗಿದಾಗ ಲೂಥರ್ ಬಾಗಿಲಿಗೆ ಅಡ್ಡ ನಿಂತ. ಸುತ್ತ ಎಂಬತ್ತು ಮೈಲಿಯಲ್ಲಿ ಆ ಕೆಲಸ ಬಲ್ಲ ಇನ್ನೊಂದು ಕೈ ಇರಲಿಲ್ಲ. "ಆಯ್ತು, ಆಯ್ತು, ಕೂತ್ಕೊ" ಎಂದ.

ಅಷ್ಟರಲ್ಲಿ ತುಕಡಿಯವರು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನಿಂದ ಬರತೊಡಗಿದ್ದರು, ಹೆಂಡದಂಗಡಿಗೆ ಹೋಗುವ ಪಾದ್ರಿಗಳ ಹಾಗೆ. "ಅಕ್ಕಾ, ನಂದು ಎಷ್ಟರದ್ದು ಅಂತ ಒಂಚೂರು ನೋಡ್ತೀರಾ?" ಎರ್ನಾ ನೋಡಿ ಹೇಳುತ್ತಿದ್ದಳು. "ಮತ್ತೆ ಹಂದಿ ಯಾಕೆ ಓಡುತ್ತೆ?" ಎಂದು ಒಬ್ಬ ಕೇಳಿದ. "ಚುರುಟಿನ ವಾಸನೆಗೆ ಕಣಯ್ಯ. ಅದಕ್ಕೆ ಇರೋದು ಮೂಗು" ಎಂದಳು.

ಅಕ್ಟೋಬರಿನಲ್ಲಿ ರಾಯ್ಸ್ ತಾನೇ ಬಂದ, ಹಳೆಯ ಎಂಟುನೂರೈವತ್ತರ ಲೇಸರು ಹಿಡಿದು. ಅದರ ಗುರಿ ತಪ್ಪಿತ್ತು. ಮಳೆ, ಹುಲ್ಲಿನ ಬೆಲೆ, ಶಾಲೆಯ ಫುಟ್‌ಬಾಲು, ಎಲ್ಲ ಮಾತಾಡಿದ. ಎರ್ನಾ ಕೈ ಕಟ್ಟಿ ಕೂತಿದ್ದಳು.

"ಲೂಥರನ ಹತ್ರ ಹೋಗಿ, ನಾನು ಯಾಕೆ ಹೊಡೆದೆ ಅಂತ ಹೇಳಿ. ಆಮೇಲೆ ಕೊಡಿ."

ರಾಯ್ಸ್ ಟೋಪಿ ತಿರುಗಿಸುತ್ತ ಮುಂದಿನ ಕೋಣೆಗೆ ಹೋಗಿ, ಕೌಂಟರಿನ ಮುಂದೆ ಮೂವರು ಗಿರಾಕಿಗಳಿದ್ದಾಗಲೇ ಲೂಥರನಿಗೆ ಹೇಳಿದ: "ಅವತ್ತು... ಅವಳು ಹೊಡೀದೇ ಇದ್ದಿದ್ರೆ ನನ್ನ ಕಣ್ಣು ಹೋಗ್ತಿತ್ತು." ಅಷ್ಟು ಹೇಳುವುದರಲ್ಲಿ ಬೆವರಿಬಿಟ್ಟ.

ಎರ್ನಾ ಅವನ ಲೇಸರನ್ನು ನಲವತ್ತು ನಿಮಿಷದಲ್ಲಿ ನೇರಕ್ಕೆ ತಂದಳು. ಅವನು ಕೈಕುಲುಕಲು ಕೈ ಚಾಚಿದಾಗ, ಅವಳು ಆ ಕೈಯಲ್ಲಿ ಲೇಸರನ್ನಿಟ್ಟು ಮುಂದಿನ ಗಿರಾಕಿಯ ಕನ್ನಡಕ ಬಿಚ್ಚತೊಡಗಿದಳು.