ಬಡಗಿಯ ಬಾಗಿಲು ಸೊಟ್ಟಗಿರಲಿಲ್ಲ

ನನ್ನ ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ನಲವತ್ತು ಪದರ ಬಟ್ಟೆ ಹಾಸಿ, ಮೇಲಿನ ಪದರದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಎಲ್ಲವನ್ನೂ ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಗೆರೆ ಒಂದಿಷ್ಟು ತಪ್ಪಿದರೂ ನಲವತ್ತು ಅಂಗಿಗಳ ತೋಳು ಕೆಟ್ಟವೆಂದೇ ಲೆಕ್ಕ. ಇಪ್ಪತ್ತಾರು ವರ್ಷದಲ್ಲಿ ಹಾಗಾಗಿದ್ದು ಒಂದೇ ಸಲ, ಅದೂ ಅವಳಿಗೆ ಜ್ವರ ಬಂದಿದ್ದಾಗ. ಅಲ್ಲಿ ಎಲ್ಲರೂ ಅವಳನ್ನು ಮಾಸ್ಟರ್ ಎನ್ನುತ್ತಾರೆ. ಮನೆಯಲ್ಲಿ ನಾನೂ ಅನ್ನುತ್ತೇನೆ. ಮೊದಲು ತಮಾಷೆಗೆ ಅನ್ನುತ್ತಿದ್ದೆ, ಈಗ ಬೇರೆ ಹೆಸರು ಬಾಯಿಗೇ ಬರುವುದಿಲ್ಲ.

ವಾರವಿಡೀ ಬಟ್ಟೆಯ ಮೇಲೆ ಗೆರೆ ಎಳೆದದ್ದು ಸಾಲದೆಂದು ಭಾನುವಾರ ಕಾಗದದ ಮೇಲೆ ಎಳೆಯಲು ಹೊರಡುತ್ತಾಳೆ. ಬೆಳಗ್ಗೆ ಐದೂವರೆಗೆ ನಮ್ಮ ಎರಡು ಸೈಕಲ್ ಮನೆ ಬಿಡುತ್ತವೆ. ಅವಳ ಚೀಲದಲ್ಲಿ ಚಿತ್ರದ ಪುಸ್ತಕ, ಇಂಕ್ ಪೆನ್ನು, ಅಂಗೈಯಗಲದ ಬಣ್ಣದ ಡಬ್ಬಿ. ಮಡಚುವ ಸ್ಟೂಲು, ನೀರು, ಬುತ್ತಿ, ಪಂಪು ಎಲ್ಲ ನನ್ನ ಸೈಕಲ್ಲಿಗೆ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ನನಗೆ ವಾರಕ್ಕೆ ಸಿಗುವ ಒಂದು ರಜೆ ಹೀಗೆ ಹಮಾಲಿಗೆ ಹೋಗುತ್ತದೆ. ಹೊಲಗಳ ನಡುವೆ ಇಪ್ಪತ್ತು ಮೂವತ್ತು ಕಿಲೋಮೀಟರ್ ತುಳಿದರೂ ಒಂದು ಹೊಲವನ್ನೂ ಅವಳು ಬರೆದವಳಲ್ಲ. ಮರ ಹೇಗೆ ಬರೆದರೂ ಮರವೇ, ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವಳ ವಾದ. ಯಾವುದಾದರೂ ಸಣ್ಣ ಪೇಟೆ ಸಿಕ್ಕಿದರೆ ಮಾತ್ರ ಇಳಿಯುತ್ತಾಳೆ. ಅಂಗಡಿಯ ಕದ, ಕಿಟಕಿಯ ಸರಳು, ದೀಪದ ಕಂಬ, ಹೀಗೆ ನೆಟ್ಟಗಿರಬೇಕಾದದ್ದೆಲ್ಲ ಅವಳಿಗೆ ಬೇಕು.

ಅಳೆಯುವುದಕ್ಕೆ ಅವಳದೊಂದು ಕ್ರಮವಿದೆ. ಕೈ ಚಾಚಿ ಪೆನ್ನನ್ನು ನಿಲ್ಲಿಸಿ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣೊಂದರಿಂದಲೇ ನೋಡುತ್ತಾಳೆ. ತಮಗೇ ಕಣ್ಣು ಹೊಡೆದಳೆಂದು ತಿಳಿದು ಎಷ್ಟೋ ಅಂಗಡಿಯವರು ಗಾಬರಿಯಿಂದ ನನ್ನ ಮುಖ ನೋಡಿದ್ದುಂಟು.

ಕಳೆದ ವರ್ಷ ಅವಳ ಗೆರೆ ಬದಲಾಯಿತು. ಕಂಬಗಳು ನಡುವಿನಲ್ಲಿ ಸಣ್ಣಗೆ ಬಳುಕತೊಡಗಿದವು. ಸರಳುಗಳು ನೀರಿನಲ್ಲಿ ನಿಂತ ಹಾಗೆ ಕಂಡವು. ನಾನು ನೋಡಿದೆ, ಹೇಳಲಿಲ್ಲ. ಹಿಂದೊಮ್ಮೆ ಅವಳು ಬರೆದ ಸೈಕಲ್ ನೋಡಿ ಇದು ಎಮ್ಮೆಯೇ ಎಂದು ಕೇಳಿ, ಎರಡು ದಿನ ಮಾತಿಲ್ಲದೆ ಉಂಡವನು ನಾನು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದೆ. ತಿಂಗಳಿಗೊಮ್ಮೆ ಸೇರುವ ಚಿತ್ರ ಬರೆಯುವವರ ಗುಂಪಿನಲ್ಲಂತೂ ಯಾರೂ ಯಾರ ತಪ್ಪನ್ನೂ ಎತ್ತಬಾರದೆಂಬುದೇ ಕಟ್ಟಳೆ. ಅವರು ಅವಳ ಪುಸ್ತಕ ನೋಡಿ, ಮಾಸ್ಟರ್ ಕೈ ಕೊನೆಗೂ ಸಡಿಲವಾಯಿತು, ಗೆರೆಗೆ ಜೀವ ಬಂತು ಎಂದು ಹೊಗಳಿದರು. ಅವಳು ಉಬ್ಬಿಹೋದಳು. ನಾನೂ ತಲೆಯಾಡಿಸಿದೆ.

ಒಂದು ಭಾನುವಾರ ಕಾಲುವೆಯ ಆಚೆಯ ಪೇಟೆಯಲ್ಲಿ, ಬಡಗಿಯೊಬ್ಬರ ಅಂಗಡಿಯ ಎದುರು ಸ್ಟೂಲು ಹಾಕಿದೆ. ಅಂಗಡಿಗೆ ಎರಡು ಕದದ ಎತ್ತರದ ಬಾಗಿಲು. ಬಡಗಿಗೆ ಅರವತ್ತು ದಾಟಿತ್ತು. ಕಿವಿಯ ಮೇಲೆ ಪೆನ್ಸಿಲು, ಮೀಸೆಯಲ್ಲೆಲ್ಲ ಮರದ ಪುಡಿ. ಚಿತ್ರ ಮುಗಿಯುವ ಹೊತ್ತಿಗೆ ಅವರು ಎದ್ದು ಬಂದು ಬಗ್ಗಿ ನೋಡಿದರು. ಎಲ್ಲರೂ ಹೇಳುವ ‘ಚೆನ್ನಾಗಿದೆ’ ಅವರ ಬಾಯಿಂದ ಬರಲಿಲ್ಲ. ಮುಖ ಬಿಗಿಯಿತು. ಆ ಬಾಗಿಲು ಅವರೇ ಮಾಡಿದ್ದಂತೆ. ಮೂವತ್ತು ವರ್ಷದ ಹಿಂದೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ನೋಡಿ ನೋಡಿ ನಿಲ್ಲಿಸಿದ್ದಂತೆ.

“ನನ್ನ ಬಾಗಿಲು ಎಲ್ಲಿ ಸೊಟ್ಟ ಇದೆ, ತೋರಿಸಿ ಅಮ್ಮ,” ಎಂದರು.

ಕಲೆ ಎಂದರೆ ಹೀಗೇ ಇರುತ್ತದೆ ಎಂದು ನಾನು ತಿಪ್ಪೆ ಸಾರಿಸಲು ಹೋದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮಾಸ್ಟರಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತಾರು ವರ್ಷದಿಂದ ಗೆರೆ ಎಳೆದೇ ಅನ್ನ ತಿನ್ನುತ್ತಿರುವವಳು ನಾನು, ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದೇನೆ ಎಂದಳು. ಆ ಮಾತಿಗೆ ಬಡಗಿಯ ದನಿ ಇಳಿಯಿತು. ಕಂಡ ಹಾಗೆಯೇ ಬರೆದಿರಾ ಎಂದು ಎರಡು ಸಲ ಕೇಳಿದರು. ಒಳಗೆ ಹೋಗಿ, ಆಗಷ್ಟೇ ಹತ್ತರಿ ಹೊಡೆದು ನಯ ಮಾಡಿದ್ದ ಮರದ ಪಟ್ಟಿಯೊಂದನ್ನು ತಂದರು. ಮರ ನೆಟ್ಟಗಿದೆಯೇ ಎಂದು ನೋಡಲು ಬಡಗಿಗಳೂ ಒಂದು ಕಣ್ಣು ಮುಚ್ಚುತ್ತಾರೆ. ಅವರು ಮೊದಲು ತಾವು ಹಾಗೆ ನೋಡಿ ಖಾತ್ರಿ ಮಾಡಿಕೊಂಡು, ಪಟ್ಟಿಯನ್ನು ಅವಳೆದುರು ನಿಲ್ಲಿಸಿ ಹಿಡಿದರು.

“ಎಡಗಣ್ಣಲ್ಲಿ ನೋಡಿ. ಈಗ ಅದನ್ನ ಮುಚ್ಚಿ, ಬಲಗಣ್ಣಲ್ಲಿ ನೋಡಿ.”

ಅವಳು ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ರೀ, ಬಲಗಣ್ಣಿಗೆ ಇದೂ ಸೊಟ್ಟ ಕಾಣ್ತಿದೆ,” ಎಂದಳು.

ಕಾರ್ಖಾನೆಯಲ್ಲಿ ಎರಡೂ ಕಣ್ಣು ತೆರೆದು ಕೆಲಸ. ಅಲ್ಲಿ ಬಲಗಣ್ಣಿನ ತಪ್ಪನ್ನು ಎಡಗಣ್ಣು ಮುಚ್ಚಿಹಾಕುತ್ತಿತ್ತು. ಚಿತ್ರ ಬರೆಯುವಾಗ ಮಾತ್ರ ಅವಳು ಒಳ್ಳೆಯ ಕಣ್ಣನ್ನು ಮುಚ್ಚಿ ಕೆಟ್ಟದ್ದನ್ನು ನಂಬಿ ಅಳೆಯುತ್ತಿದ್ದಳು. ಬಡಗಿ ಅವಳಿಗೆ ಸೈಕಲ್ ಮುಟ್ಟಲೂ ಬಿಡಲಿಲ್ಲ. ಮರ ಸಾಗಿಸುವ ಟೆಂಪೋದವನನ್ನು ಊಟದ ಮಧ್ಯದಿಂದ ಎಬ್ಬಿಸಿ, ಸೈಕಲ್ ಸಮೇತ ನಮ್ಮನ್ನು ಹತ್ತಿಸಿ, ನಾಳೆ ಬೆಳಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕೆಂದು ನನ್ನಿಂದ ಮಾತು ತೆಗೆದುಕೊಂಡರು.

ಕಣ್ಣಿನ ಹಿಂಬದಿಯ ಪರದೆಯ ಕೆಳಗೆ ನೀರು ತುಂಬಿದೆ ಎಂದರು ಡಾಕ್ಟರು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಆ ಕಣ್ಣಿನ ನಡುವಿನ ನೋಟ ಹೋದದ್ದು ಹೋದಂತೆಯೇ ಎಂದೂ ಹೇಳಿದರು. ಕಣ್ಣಿಗೇ ಮೂರು ಇಂಜೆಕ್ಷನ್ ಆದವು. ಮೂರು ತಿಂಗಳು ಅವಳು ಪೆನ್ನನ್ನೂ ಕತ್ತರಿಯನ್ನೂ ಮುಟ್ಟಲಿಲ್ಲ. ದಿನಾ ಬೆಳಗ್ಗೆ ಎಡಗಣ್ಣು ಮುಚ್ಚಿ ನಮ್ಮ ಅಡುಗೆಮನೆಯ ಕಿಟಕಿಯ ಮುಂದೆ ನಿಲ್ಲುತ್ತಿದ್ದಳು. ಒಂದು ದಿನ ಸರಳುಗಳು ನೆಟ್ಟಗೆ ನಿಂತವು. ಅವಳು ಅಲ್ಲಿಂದಲೇ ಕೂಗಿ ನನ್ನನ್ನು ಕರೆದಳು, ಹಾಲು ಉಕ್ಕಿ ಒಲೆ ಪೂರ್ತಿ ಹರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮತ್ತೆ ಸೈಕಲ್ ಹತ್ತಿದ ಮೊದಲ ಭಾನುವಾರ ಆ ಪೇಟೆಗೇ ಹೋದೆವು. ನಿಮ್ಮಿಂದ ನನ್ನ ಕಣ್ಣು ಉಳಿಯಿತು, ಕೆಲಸವೂ ಉಳಿಯಿತು ಎಂದು ಅವಳು ಕೈಮುಗಿದಳು. ಬಡಗಿ ನಾಚಿಕೊಂಡು ಹತ್ತರಿ ಕೈಗೆತ್ತಿಕೊಂಡರು.

“ಕಣ್ಣಿನ ವಿಷ್ಯ ನಂಗೇನು ಗೊತ್ತಿತ್ತಮ್ಮ. ನನ್ನ ಬಾಗಿಲನ್ನ ಸೊಟ್ಟ ಬರೆದ್ರಲ್ಲ, ಮೈ ಉರೀತು, ಕೇಳ್ದೆ.”

ಅವಳು ಅಂಗಡಿಯನ್ನು ಹೊಸದಾಗಿ ಬರೆದಳು. ಆ ಮನುಷ್ಯನ ಮೀಸೆಗೂ ಮುಂಗೋಪಕ್ಕೂ ನಾನು ಮನಸ್ಸಿನಲ್ಲೇ ನೂರು ಸಲ ನಮಸ್ಕಾರ ಹೇಳಿದೆ. ಈಗಲೂ ಹೇಳುತ್ತೇನೆ.

ವಾಪಸು ಬರುವಾಗ ಕಾಲುವೆಯ ಸೇತುವೆ ಮೇಲೆ ಅವಳು ಸೈಕಲ್ ನಿಲ್ಲಿಸಿದಳು. “ನಿಮಗೆ ಮೊದಲೇ ಕಂಡಿತ್ತಾ?” ಎಂದು ಕೇಳಿದಳು.

ಕಂಡಿತ್ತು ಎಂದೆ. ನಿನಗೆ ನೋವಾಗುತ್ತದೆಂದು ಹೇಳಲಿಲ್ಲ ಎಂದೆ. ಹಾಗನ್ನುವಾಗ ನನಗೇ ನಾಚಿಕೆಯಾಯಿತು.

ಅವಳು ಬೈಯಲಿಲ್ಲ. ಪುಸ್ತಕ ತೆಗೆದು ಆವತ್ತಿನ ಚಿತ್ರವನ್ನು ಹ್ಯಾಂಡಲ್ಲಿನ ಮೇಲೆ ತೆರೆದು ಹಿಡಿದಳು. “ಇದ್ರಲ್ಲಿ ಏನು ತಪ್ಪಿದೆ, ಹೇಳಿ.”

ನಾನು ಗಂಟಲು ಸರಿಮಾಡಿಕೊಂಡೆ. ಅಂಗಡಿಗೆ ನಾಲ್ಕು ಮೆಟ್ಟಿಲಿವೆ, ನೀನು ಮೂರೇ ಬರೆದಿದ್ದೀಯ ಎಂದೆ.

ಅವಳು ಪುಸ್ತಕವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ಸೇತುವೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟು, ನಾಲ್ಕನೆಯ ಮೆಟ್ಟಿಲನ್ನು ಬರೆದಳು.